ಎಕ್ಸಿಟ್ ಫಾರಂನಲ್ಲಿ ಹಿಡಿಸದೇ ಹೋದದ್ದು

ಕೆಲಸ ಬಿಡುವವರ ಹತ್ತಿರ ನಮ್ಮ ಕಂಪನಿ ಒಂದು ಫಾರಂ ತುಂಬಿಸಿಕೊಳ್ಳುತ್ತಿತ್ತು. ಕೊನೆಯ ದಿನಕ್ಕೆ ಒಂದು ವಾರ ಇರುವಾಗ ಮೇಲ್‌ನಲ್ಲಿ ಲಿಂಕ್ ಬರುತ್ತದೆ. ತುಂಬದಿದ್ದರೆ ರಿಲೀವಿಂಗ್ ಲೆಟರ್ ಇಲ್ಲ. ಅದರಲ್ಲಿ ಎರಡು ಪ್ರಶ್ನೆ. ಈ ಕಂಪನಿಯಲ್ಲಿ ನಿಮಗೆ ಇಷ್ಟವಾಗಿದ್ದೇನು? ಇಷ್ಟವಾಗದ್ದೇನು? ಒಂದೊಂದಕ್ಕೂ 250 ಅಕ್ಷರ ಹಿಡಿಸುವ ಒಂದು ಡಬ್ಬಿ.

ನಾನು ಅಲ್ಲಿ ಇದ್ದದ್ದು 13 ವರ್ಷ 7 ತಿಂಗಳು. ಮೊದಲನೇ ಡಬ್ಬಿಯಲ್ಲಿ 'ಗುಡ್ ವರ್ಕ್ ಕಲ್ಚರ್' ಅಂತ ಬರೆದೆ. ಎರಡನೇದರಲ್ಲಿ 'ನಥಿಂಗ್'. ಬಿಡುವ ಕಾರಣ ಆರಿಸಿಕೊಳ್ಳೋಕೆ ಒಂದು ಪಟ್ಟಿ ಇತ್ತು, ಎಲ್ಲರೂ ಒತ್ತುವ 'ಬೆಟರ್ ಆಪರ್ಚುನಿಟಿ' ನಾನೂ ಒತ್ತಿದೆ. ಮೂರೂ ಸುಳ್ಳು. ಮೊದಲನೆಯದು ಅರ್ಧ ಸುಳ್ಳು ಅನ್ನಿ.

ಆ ಫಾರಂನಲ್ಲಿ ಯಾರೂ ನಿಜ ಬರೆಯಲ್ಲ. ಮುಂದಿನ ಕಂಪನಿಯ ಪರವಾಗಿ ವೆರಿಫಿಕೇಷನ್‌ಗೆ ಫೋನ್ ಬರುವುದು ಇದೇ ಎಚ್‌ಆರ್‌ಗೆ ಅಲ್ವಾ. ಹಾಗಾಗಿ ಎಲ್ಲರಿಗೂ ಎಲ್ಲ ಇಷ್ಟವಾಗಿರುತ್ತದೆ, ಯಾರಿಗೂ ಏನೂ ಇಷ್ಟವಾಗದೇ ಇರಲ್ಲ, ಆದರೂ ಜನ ಸಾಲುಗಟ್ಟಿ ಬಿಟ್ಟು ಹೋಗುತ್ತಿರುತ್ತಾರೆ. ಬಿಟ್ಟು ವರ್ಷದ ಮೇಲಾಯ್ತು. ಇಲ್ಲಿ ಅಕ್ಷರಕ್ಕೆ ಮಿತಿ ಇಲ್ಲ. ಬರೆದುಬಿಡೋಣ ಅನ್ನಿಸಿತು.

ಆದರೆ ನನಗೆ ಏನು ಇಷ್ಟವಾಯ್ತು ಅಂತ ಹೇಳಬೇಕಾದರೆ ಮೊದಲು ಅಪ್ಪನ ಕೆಲಸದ ಬಗ್ಗೆ ಹೇಳಬೇಕು.

ನಮ್ಮೂರು ತಿಪಟೂರು. ಕೊಬ್ಬರಿ ಊರು. ಅಪ್ಪ ಅಲ್ಲಿ ಒಂದೇ ಮಂಡಿಯಲ್ಲಿ 34 ವರ್ಷ ಗುಮಾಸ್ತರಾಗಿದ್ದರು. ಬೆಳಗ್ಗೆ ಬಾಗಿಲು ತೆಗೆದು, ಲಕ್ಷ್ಮಿ ಫೋಟೋಗೆ ಊದುಬತ್ತಿ ಹಚ್ಚಿ, ರೈತರು ತಂದ ಚೀಲ ತೂಗಿಸಿ, ಚೀಟಿ ಬರೆದು, ಹಮಾಲರ ಕೂಲಿ ಎಣಿಸಿ ಕೊಟ್ಟು, ಸಂಜೆ ರೋಕಡ್ ಪುಸ್ತಕ ಮುಗಿಸಿ ಮನೆಗೆ ಬರುವುದು. ಅಂಗಿ ಕೊಬ್ಬರಿ ಎಣ್ಣೆ ವಾಸನೆ ಹೊಡೆಯುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅವರಿಗೆ ಆಫರ್ ಲೆಟರ್ ಇರಲಿಲ್ಲ, ಸಂಬಳದ ಚೀಟಿ ಇರಲಿಲ್ಲ, ಪಿಎಫ್ ಇರಲಿಲ್ಲ, ವರ್ಷಕ್ಕೆ ಇಷ್ಟು ರಜೆ ಅಂತ ಇರಲಿಲ್ಲ. ಇದ್ದವರು ಸಾಹುಕಾರ್ರು.

ಸಾಹುಕಾರ್ರು ಕೆಟ್ಟವರಲ್ಲ. ಇದನ್ನ ಗಟ್ಟಿಯಾಗಿ ಹೇಳಬೇಕು, ಯಾಕಂದ್ರೆ ಇಂಥ ಕಥೆಗಳಲ್ಲಿ ಸಾಹುಕಾರ ಅಂದಕೂಡಲೇ ಮೀಸೆ ತಿರುವುವವನು ಕಣ್ಣಿಗೆ ಬರುತ್ತಾನೆ. ಇವರು ಬಿಳಿ ಪಂಚೆ ಉಟ್ಟು, ಮಧ್ಯಾಹ್ನ ಮಜ್ಜಿಗೆ ಅನ್ನ ಉಂಡು ಮಂಡಿಯ ಗಾದಿ ಮೇಲೇ ನಿದ್ದೆ ಮಾಡುವ ಸಾಧು ಮನುಷ್ಯ. 1998ರಲ್ಲಿ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಯ್ತು. ಅಪ್ಪ ಅವರ ಮುಂದೆ ಹೋಗಿ ನಿಂತರು. ಎರಡು ಮಾತಾಡಲಿಲ್ಲವಂತೆ, ಗಲ್ಲಾಪೆಟ್ಟಿಗೆ ತೆಗೆದು 18,000 ಎಣಿಸಿ ಕೊಟ್ಟರಂತೆ. ಬಡ್ಡಿ ಕೇಳಲಿಲ್ಲ. ಖಾತೆಗೂ ಬರೆಸಲಿಲ್ಲ.

ಬರೆಸಿದ್ದರೆ ಚೆನ್ನಾಗಿತ್ತು. ಬರೆದ ಸಾಲ ತೀರುತ್ತದೆ. ಬರೆಯದೇ ಇದ್ದದ್ದು ತೀರಲೇ ಇಲ್ಲ. ಭಾನುವಾರ ಸಾಹುಕಾರ್ರ ಮನೆ ಗ್ಯಾಸ್ ಸಿಲಿಂಡರ್ ತರುವುದು ಅಪ್ಪ. ಅವರ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಅಪ್ಪ. ಅವರ ಮಗಳ ಮದುವೆಯಲ್ಲಿ ಮೂರು ದಿನ ಉಗ್ರಾಣ ಕಾದದ್ದು ಅಪ್ಪ. ಗೌರಿ ಹಬ್ಬದ ಹಿಂದಿನ ದಿನ ಅವರ ಮನೆಗೆ ಹೋಗಿ ಅಮ್ಮ ಒಬ್ಬಟ್ಟಿಗೆ ಬೇಳೆ ರುಬ್ಬಿ ಬರುತ್ತಿದ್ದಳು, ಜೊತೆಗೆ ನಾನು. ಯಾರೂ ಬಲವಂತ ಮಾಡಿದ್ದಲ್ಲ. ಒಮ್ಮೆಯೂ ಯಾರೂ ಬಾ ಅಂತ ಕರೆದದ್ದೂ ನೆನಪಿಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಿದ್ದರು ಅಪ್ಪ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಮನೆಯ ಹಜಾರದಲ್ಲಿ ಅಪ್ಪ ಕೂತದ್ದನ್ನ ನಾನು ನೋಡಿಲ್ಲ. ಕುರ್ಚಿ ಇತ್ತು, ಕೂತ್ಕೊಳ್ಳಿ ಅಂತ ಹೇಳುತ್ತಲೂ ಇದ್ದರು. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುತ್ತಿದ್ದರು.

ಈಗ ನನ್ನ ಕಥೆಗೆ ಬರ್ತೀನಿ. ಇಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಕ್ಯಾಂಪಸ್‌ನಲ್ಲಿ ಒಂದು ದೊಡ್ಡ ಐಟಿ ಸರ್ವಿಸ್ ಕಂಪನಿಗೆ ಆಯ್ಕೆಯಾದೆ. 2011ರ ಜುಲೈ 18, ಸೋಮವಾರ ಸೇರಿದ್ದು. ವರ್ಷಕ್ಕೆ 3.25 ಲಕ್ಷ. ನಾನು ಅದನ್ನ 12ರಿಂದ ಭಾಗಿಸಿ, ತಿಂಗಳಿಗೆ 27,000 ಅಂತ ಮನೆಯವರಿಗೆಲ್ಲಾ ಹೇಳಿ, ಮೊದಲ ತಿಂಗಳೇ ಏನೇನು ತಗೋಬೇಕು ಅಂತ ಪಟ್ಟಿ ಬೇರೆ ಮಾಡಿಟ್ಟಿದ್ದೆ. ಕೈಗೆ ಬಂದದ್ದು 20,400. ಸಿಟಿಸಿ, ಅಂದ್ರೆ ನನ್ನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಅನ್ನೋದರ ಹೊಟ್ಟೆಯೊಳಗೆ ಏನೇನಿದೆ ಅಂತ ಆಮೇಲೆ ಗೊತ್ತಾಯ್ತು. ಕಂಪನಿ ಕಟ್ಟುವ ಪಿಎಫ್ ಅದರಲ್ಲೇ ಸೇರಿದೆ. ಐದು ವರ್ಷ ಆದಮೇಲೆ ಕೆಲಸ ಬಿಡುವಾಗ ಸಿಕ್ಕರೆ ಸಿಗುವ ಇಡಿಗಂಟು, ಗ್ರಾಚುಟಿಯನ್ನೂ ಬೇಸಿಕ್‌ನ, ಅಂದ್ರೆ ಮೂಲ ಸಂಬಳದ, 4.81 ಪರ್ಸೆಂಟ್ ಅಂತ ಈಗಲೇ ಸೇರಿಸಿಟ್ಟಿದ್ದಾರೆ. ವರ್ಷದ ಕೊನೆಗೆ ಕೊಟ್ಟರೆ ಕೊಟ್ಟರು ಅನ್ನುವ ವೇರಿಯಬಲ್ ಪೇ ಅದರಲ್ಲೇ. ಇನ್ಶೂರೆನ್ಸ್ ಕಂತೂ ಅದರಲ್ಲೇ. ಅಪ್ಪನಿಗೆ ವಿವರಿಸಿದೆ. ನಕ್ಕುಬಿಟ್ಟರು. "ಗೋಣಿಚೀಲದ ತೂಕಾನೂ ಸೇರಿಸಿ ತೂಗವ್ರೆ ಬಿಡು" ಅಂದರು.

ಆದರೆ ಅವತ್ತೇ ಅವರು ನನ್ನ ಪೇ ಸ್ಲಿಪ್ ನೋಡಿದ್ದು. ಪ್ರಿಂಟ್ ತಂದಿದ್ದೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು, ಒಂದೊಂದೇ ಸಾಲು ಓದಿದರು. ಬೇಸಿಕ್ ಇಷ್ಟು, ಎಚ್‌ಆರ್‌ಎ ಇಷ್ಟು, ಪಿಎಫ್ ಕಡಿತ ಇಷ್ಟು, ಪ್ರೊಫೆಷನಲ್ ಟ್ಯಾಕ್ಸ್ 200. ಕೂಡಿ ಕಳೆದು ನೋಡಿದರು. ಸರಿ ಬಂತು. ಆಮೇಲೆ ಕೇಳಿದರು, "ಇದನ್ನ ನೀನು ಕೇಳ್ದೇನೇ ಕೊಟ್ರಾ?"

ಕೇಳದೇನೇ ಕೊಟ್ಟರು ಅಪ್ಪ. ಅದೇ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು. ತಿಂಗಳ ಕೊನೆಯ ಕೆಲಸದ ದಿನ ಮೊಬೈಲ್ ಟಿಂಗ್ ಅನ್ನುತ್ತಿತ್ತು. ಆ ದುಡ್ಡಿಗೆ ನಾನು ಯಾರ ಮುಂದೂ ನಿಲ್ಲಬೇಕಾಗಿರಲಿಲ್ಲ, ಯಾರ ಮುಖ ನೋಡಿ ಇವತ್ತು ಸಾಹುಕಾರ್ರ ಮೂಡ್ ಹೇಗಿದೆ ಅಂತ ಅಳೆಯಬೇಕಾಗಿರಲಿಲ್ಲ, ಥ್ಯಾಂಕ್ಸ್ ಕೂಡ ಹೇಳಬೇಕಾಗಿರಲಿಲ್ಲ. ಕೆಲಸ ಮಾಡಿದೆ, ದುಡ್ಡು ಬಂತು, ಲೆಕ್ಕ ಚುಕ್ತಾ. ಊರಲ್ಲಿ ಬೆಳೆದವರಿಗೆ ಈ ಚುಕ್ತಾ ಅನ್ನೋ ಪದದ ಸುಖ ಗೊತ್ತಿರುತ್ತದೆ.

ಬೇರೆ ಇಷ್ಟಗಳೂ ಇದ್ದವು. ಕೆಲವು ಹೇಳಿದರೆ ನಗ್ತೀರ. ಟಾಯ್ಲೆಟ್. ನಿಜವಾಗಲೂ. ಸರ್ಕಾರಿ ಶಾಲೆಯಲ್ಲಿ ಓದಿದ, ಬೆಳಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಇರೋದನ್ನ ಅಭ್ಯಾಸ ಮಾಡಿಕೊಂಡಿದ್ದ ಹುಡುಗಿಗೆ ಪ್ರತಿ ಮಹಡಿಯಲ್ಲೂ ನೀರು ಬರುವ, ಚಿಲಕ ಇರುವ, ಬೆಳಕಿರುವ ಟಾಯ್ಲೆಟ್ ಎಂಥ ಐಷಾರಾಮ ಅಂತ ಗಂಡಸರಿಗೆ ಹೇಳಿದರೆ ತಿಳಿಯಲ್ಲ. ಆಮೇಲೆ ಸಂಜೆ ನಾಲ್ಕರ ಟೀ. ಟೀ ಚೆನ್ನಾಗಿರಲಿಲ್ಲ, ಮೆಷಿನ್ ಟೀ, ಬಿಸಿನೀರಿಗೆ ಬಣ್ಣ ಹಾಕಿದ ಹಾಗೆ. ಆದರೆ ಅದನ್ನ ಹಿಡಿದುಕೊಂಡು ನಿಲ್ಲುವ ಕಿಟಕಿ ಪಕ್ಕ ಒಂದು ಜಾಗ ಇತ್ತು, ನೆಲ್ಲೂರಿನವಳೊಬ್ಬಳು, ಸೇಲಂನವಳೊಬ್ಬಳು, ನಾನು. ನನ್ನ ತೆಲುಗು, ನನ್ನ ತಮಿಳು ಎಲ್ಲ ಆ ಕಿಟಕಿಯದ್ದು.

ಇನ್ನೊಂದು, ಯಾರೂ 'ನೀವು ಯಾರ ಪೈಕಿ' ಅಂತ ಕೇಳಲಿಲ್ಲ. ನಮ್ಮ ಕಡೆ ಹೆಸರು ಕೇಳೋಕೆ ಮುಂಚೆ ಅದನ್ನ ಕೇಳ್ತಾರೆ. ಇಲ್ಲಿ ನನ್ನ ಎಂಪ್ಲಾಯಿ ನಂಬರೇ ನನ್ನ ಪೈಕಿ. (ಊಟದ ಡಬ್ಬಿ ತೆಗೆದಾಗ ಕಣ್ಣಲ್ಲೇ ಕಂಡುಹಿಡಿಯುವವರು ಒಂದಿಬ್ಬರು ಇದ್ದರು, ಅದು ಬೇರೆ.) ರಾತ್ರಿ ಹೊತ್ತಾದರೆ ಕ್ಯಾಬ್. ಕೊನೆಗೆ ಇಳಿಯುವವಳು ಹೆಂಗಸಾದರೆ ಜೊತೆಗೆ ಗಾರ್ಡ್. 2005ರಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಹುಡುಗಿಯೊಬ್ಬಳ ಕೊಲೆಯಾದ ಮೇಲೆ ಇದೆಲ್ಲಾ ಬಿಗಿಯಾಗಿದ್ದು ಅಂತ ನಮ್ಮ ಹಳೇ ಡ್ರೈವರ್ ಅಣ್ಣ ಹೇಳುತ್ತಿದ್ದರು. ಯಾರದೋ ಜೀವ ಹೋಗಿ ನನಗೆ ಸಿಕ್ಕ ಸೌಕರ್ಯ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಹೋಗುವಾಗ ಎಷ್ಟೋ ಸಲ ಅವಳ ನೆನಪಾಗುತ್ತಿತ್ತು.

2016ರಲ್ಲಿ ಅಪ್ಪನಿಗೆ ಎದೆನೋವು ಬಂತು. ತಿಪಟೂರಿನಿಂದ ಬೆಂಗಳೂರಿಗೆ ಆಂಬುಲೆನ್ಸ್‌ನಲ್ಲಿ ತಂದೆವು. ಒಂದು ಖಾಸಗಿ ಆಸ್ಪತ್ರೆ, ಎರಡು ಸ್ಟೆಂಟ್. ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿದ್ದು 2017ರ ಫೆಬ್ರುವರಿಯಲ್ಲಿ, ನಮ್ಮದು ಅದಕ್ಕಿಂತ ಮುಂಚೆ. ಬಿಲ್ ಎರಡೂ ಮುಕ್ಕಾಲು ಲಕ್ಷ ದಾಟಿತು. ನಾನು ಕೌಂಟರ್‌ನಲ್ಲಿ ಇನ್ಶೂರೆನ್ಸ್ ಕಾರ್ಡ್ ಕೊಟ್ಟು, ಕೈಕಾಲು ನಡುಗಿಸಿಕೊಂಡು, ಯಾರ್ಯಾರ ಹತ್ತಿರ ಎಷ್ಟೆಷ್ಟು ಕೇಳಬಹುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಕೂತಿದ್ದೆ. ಸಂಜೆಗೆ ಅಪ್ರೂವಲ್ ಬಂತು. ನಾವು ಕಟ್ಟಿದ್ದು 11,000.

ಡಿಸ್ಚಾರ್ಜ್ ಆಗಿ ಮನೆಗೆ ಬಂದಮೇಲೆ ಅಪ್ಪ ಕೇಳಿದ್ದು ಒಂದೇ, "ಯಾರಿಗೆ ಹೇಳ್ಬೇಕು ಪುಟ್ಟಾ?" ಯಾರಿಗೆ ಕೃತಜ್ಞತೆ ಹೇಳಬೇಕು ಅಂತ. ಯಾರಿಗೂ ಬೇಡ ಅಪ್ಪ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ಆಗಲಿಲ್ಲ. ಆಫೀಸಿಗೆ ಹೋದ ಮೊದಲ ದಿನ ಒಂದು ಡಬ್ಬ ಕೊಬ್ಬರಿ ಮಿಠಾಯಿ ಹಿಡಿದುಕೊಂಡು ಎಚ್‌ಆರ್ ಡೆಸ್ಕ್‌ಗೆ ಹೋದೆ. ಅಲ್ಲಿದ್ದ ಹುಡುಗಿಗೆ ನಾನು ಏನು ಹೇಳುತ್ತಿದ್ದೀನಿ ಅಂತಲೇ ಅರ್ಥ ಆಗಲಿಲ್ಲ. ಕ್ಲೇಮ್ ರಿಜೆಕ್ಟ್ ಆಯ್ತಾ ಅಂತ ಕೇಳಿದಳು. ಇಲ್ಲ, ಪಾಸ್ ಆಯ್ತು, ಅದಕ್ಕೇ ಅಂದೆ. ಒಂದು ತುಂಡು ತಗೊಂಡು, ಗೊಂದಲದಲ್ಲೇ ನಕ್ಕಳು. ಅವತ್ತು ಎಷ್ಟು ಹಗುರಾಯ್ತು ಅಂದ್ರೆ, ವಾಪಸ್ ಸೀಟಿಗೆ ಬರುವಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಋಣ ಅನ್ನೋದೇ ಇಲ್ಲದ ಜಾಗಕ್ಕೆ ಬಂದಿದ್ದೀನಿ ಅಂದುಕೊಂಡೆ. ಅದೇ ಖುಷಿಯಲ್ಲಿ ಆಗಿನ ಮ್ಯಾನೇಜರ್‌ಗೂ ಎಲ್ಲಾ ಹೇಳಿಕೊಂಡೆ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಇಷ್ಟವಾಗದ್ದು.

ಇಲ್ಲಿ ಟ್ರಾಫಿಕ್ಕು, ಸಿಲ್ಕ್ ಬೋರ್ಡು, ಕ್ಯಾಂಟೀನಿನ ಪಲಾವು ಎಲ್ಲ ಬರೆಯಬಹುದು. ಬರೆಯಲ್ಲ. ಅವೆಲ್ಲಾ ಬೈದುಕೊಂಡು ಮರೆಯುವ ವಿಷಯ. ಅದಕ್ಕೆ ಯಾರೂ ಕೆಲಸ ಬಿಡಲ್ಲ.

ರಾತ್ರಿಯ ಕಾಲ್‌ಗಳು ಅಷ್ಟು ಸುಲಭಕ್ಕೆ ಮರೆಯುವಂಥದ್ದಲ್ಲ. ನಮ್ಮ ಗಿರಾಕಿ ಅಮೆರಿಕದ ಪೂರ್ವ ತೀರದ ಒಂದು ವಿಮಾ ಕಂಪನಿ. ಬೇಸಿಗೆಯಲ್ಲಿ ಅವರಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಯಾರೋ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸೋಮವಾರದಿಂದ ಇಲ್ಲಿ ನನ್ನ ಮನೆಯ ಊಟ ಒಂದು ಗಂಟೆ ತಡ. 11 ವರ್ಷ ನಾನು ಆ ಕಂಪನಿಯ ಕ್ಲೇಮ್ ಸಾಫ್ಟ್‌ವೇರ್ ನೋಡಿಕೊಂಡೆ. ಸೂರು ಹಾರಿಹೋದವರು, ಕಾರು ಗುದ್ದಿಸಿಕೊಂಡವರು, ಅವರ ದುಡ್ಡು ಯಾವ ಸ್ಕ್ರೀನಿನಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವುದು. ಆ ಊರುಗಳ ಹೆಸರು ನನಗೆ ತುಮಕೂರು ಜಿಲ್ಲೆಯ ಹೋಬಳಿಗಳ ಹಾಗೆ ಬಾಯಿಗೆ ಬರುತ್ತಿದ್ದವು. ಒಂದನ್ನೂ ನೋಡಿಲ್ಲ. ಎರಡು ಸಲ ಆನ್‌ಸೈಟ್, ಅಂದ್ರೆ ಗಿರಾಕಿಯ ಊರಿಗೇ ಕಳಿಸುವ, ಆಸೆ ತೋರಿಸಿದರು, ಎರಡೂ ಸಲ ಬೇರೆಯವರು ಹೋದರು. ಇದನ್ನೂ ಮರೆತೆ ಅನ್ನಿ.

2018ರಲ್ಲಿ ಮಗಳು ಹುಟ್ಟಿದಳು. ಹಿಂದಿನ ವರ್ಷವಷ್ಟೇ ಕಾನೂನು ಬದಲಾಗಿ ಹೆರಿಗೆ ರಜೆ 12 ವಾರದಿಂದ 26 ವಾರ ಆಗಿತ್ತು. ಒಂದು ದಿನವೂ ಕಮ್ಮಿ ಮಾಡದೆ ಕೊಟ್ಟರು. ಸಂಬಳವೂ ಸರಿಯಾಗಿ ಬಂತು. ಆಮೇಲೆ ವರ್ಷದ ಕೆಲಸ ಅಳೆದು ರೇಟಿಂಗ್ ಕೊಡುವ ಅಪ್ರೈಸಲ್ ಬಂತು. 'ಅರ್ಧ ವರ್ಷ ಇರಲಿಲ್ಲವಲ್ಲ, ಹೇಗೆ ಮೇಲಿನ ರೇಟಿಂಗ್ ಕೊಡಲಿ?' ಮ್ಯಾನೇಜರ್ ಈ ಪ್ರಶ್ನೆ ಕೇಳಿದ ರೀತಿ ಹೇಗಿತ್ತು ಅಂದ್ರೆ ನಾನೇ ಅವರಿಗೆ ಉತ್ತರ ಹುಡುಕಿಕೊಡಬೇಕು ಅನ್ನೋ ಹಾಗೆ. ಬೆಲ್ ಕರ್ವ್ ಅಂತ ಒಂದಿದೆ. ತಂಡದಲ್ಲಿ 12 ಜನ ಇದ್ದರೆ ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಒಬ್ಬರಾದರೂ ಕೆಳಗೆ ಇರಲೇಬೇಕು. ಎಲ್ಲರೂ ಚೆನ್ನಾಗಿ ಮಾಡಿದ್ದರೂ ಒಬ್ಬರು ಕೆಳಗೆ. ಅಪ್ಪನಿಗೆ ಇದನ್ನ ಅರ್ಥ ಮಾಡಿಸೋಕೆ ಒಂದು ಸಂಜೆ ಹಿಡಿಯಿತು. "ಕೊಬ್ಬರಿ ಗ್ರೇಡ್ ಮಾಡೋವಾಗ್ಲೂ ಉಂಡೆ ಕೈಲಿಡ್ಕಂಡು ನೋಡ್ತಾರಲ್ಲೇ" ಅಂದರು. "ಚೀಲ ಬಿಚ್ಚಕ್ಕೆ ಮುಂಚೇನೇ ಇಷ್ಟು ಉಂಡೆ ಕೆಟ್ಟೋಗಿದೆ ಅಂತ ಬರ್ಕಂಡಿರ್ತಾರಾ?" ಹೂಂ ಅಪ್ಪ, ಬರ್ಕಂಡಿರ್ತಾರೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮಗಳನ್ನು ಕಟ್ಟಿಕೊಂಡು ತಿಪಟೂರಿಗೆ ಹೋದೆ. ಒಂದೂವರೆ ವರ್ಷ ಅಲ್ಲಿಂದಲೇ ಕೆಲಸ. ಕರೆಂಟು ಹೋದರೆ ಯುಪಿಎಸ್, ನೆಟ್‌ವರ್ಕ್ ಹೋದರೆ ತಾರಸಿ. ಒಂಬತ್ತು ವರ್ಷ ನಾನು ಮಾಡುವ ಕೆಲಸ ಏನು ಅಂತ ಅಪ್ಪನಿಗೆ ಬಾಯಲ್ಲಿ ಹೇಳಿದ್ದೆನೇ ಹೊರತು ಅವರು ನೋಡಿರಲಿಲ್ಲ. ಈಗ ನೋಡಿದರು. ಜಗಲಿ ಮೇಲೆ ಕೂತು, ಪೇಪರ್ ಓದುವ ನೆಪದಲ್ಲಿ, ನನ್ನ ಕಾಲ್‌ಗಳನ್ನೆಲ್ಲಾ ಕೇಳಿಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬರಲ್ಲ. ಒಂದು ದಿನ ಊಟಕ್ಕೆ ಕೂತಾಗ ಕೇಳಿದರು, "ಯಾರಿಗೆ ಅಷ್ಟೊಂದ್ ಸಲ ಸಾರಿ ಸಾರಿ ಅಂತೀಯಾ?"

ನನಗೆ ಗೊತ್ತೇ ಇರಲಿಲ್ಲ ಅಷ್ಟು ಸಲ ಹೇಳುತ್ತೀನಿ ಅಂತ. ಮಾರನೇ ದಿನ ಎಣಿಸಿದೆ. ಬೆಳಗ್ಗೆಯ ಒಂದೇ ಕಾಲ್‌ನಲ್ಲಿ ಏಳು. ಮಗು ಅತ್ತಿದ್ದಕ್ಕೆ ಒಂದು, ಮ್ಯೂಟ್ ಆಗಿದ್ದಕ್ಕೆ ಒಂದು, ಬೇರೆ ಯಾರದೋ ತಪ್ಪಿಗೆ ಎರಡು, ಉಳಿದದ್ದು ಯಾಕೆ ಅಂತ ನನಗೂ ತಿಳಿಯಲಿಲ್ಲ. ಅಪ್ಪ ಸಾಹುಕಾರ್ರ ಮುಂದೆ ಒರಗಿ ನಿಂತರೂ ಇಷ್ಟು ಸಲ ಕ್ಷಮೆ ಕೇಳಿದ್ದನ್ನ ನಾನು ನೋಡಿರಲಿಲ್ಲ. ಇನ್ನೊಂದು ರಾತ್ರಿ ಹನ್ನೊಂದರ ಹೊತ್ತಿಗೆ ಎದ್ದು ಬಂದು ಬಾಗಿಲಲ್ಲಿ ನಿಂತರು. "ಮಂಡಿಗೆ ಬಾಗ್ಲು ಹಾಕೋ ಹೊತ್ತು ಅಂತ ಒಂದಿತ್ತಪ್ಪ" ಅಂತ ತಮ್ಮಷ್ಟಕ್ಕೆ ಹೇಳಿಕೊಂಡು ಹೋಗಿ ಮಲಗಿದರು.

2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಟಿವಿಯಲ್ಲಿ ಅಷ್ಟೊಂದು ಚರ್ಚೆ ಆಯ್ತಲ್ಲ, ನಮ್ಮ ಕಿಟಕಿ ಪಕ್ಕ ಯಾರೂ ಜಾಸ್ತಿ ಮಾತಾಡಲಿಲ್ಲ. ಸೇಲಂನವಳು ಅವಳ ಆ ವಾರದ ಗಂಟೆ ಕೂಡಿ ನೋಡಿದಳು. 66. ಇನ್ನು ನಾಲ್ಕು ಗಂಟೆ ದೇಶಕ್ಕೆ ಬಾಕಿ ಇದೆ ಅಂದಳು. ಗಂಟೆ ಲೆಕ್ಕ ನಮಗೆ ಅಷ್ಟು ದೊಡ್ಡ ವಿಷಯ ಆಗಿರಲಿಲ್ಲ ಅನ್ನಿಸುತ್ತದೆ. ಶನಿವಾರ ರಾತ್ರಿ ಡಿಪ್ಲಾಯ್‌ಮೆಂಟ್, ಅಂದ್ರೆ ಬದಲಾಯಿಸಿದ ಸಾಫ್ಟ್‌ವೇರ್ ಚಾಲೂ ಮಾಡುವುದು, ಇದ್ದರೆ ಕೂರುತ್ತಿದ್ದೆವು. ಪಿಜ್ಜಾ ತರಿಸುತ್ತಿದ್ದರು. ಬೆಳಗಿನ ಜಾವ ಎಲ್ಲ ಸರಿಹೋದಾಗ ಒಂದು ಖುಷಿಯೂ ಇತ್ತು, ಸುಳ್ಳು ಹೇಳಬಾರದು. ಮೈ ಉರಿಯುತ್ತಿದ್ದದ್ದು ಆ ಶನಿವಾರ ಮನೆಗೆ ಹೋಗಬೇಕು ಅಂತ ಯಾರಾದರೂ ಕೇಳಿದಾಗ ಬರುತ್ತಿದ್ದ ಉತ್ತರಕ್ಕೆ. 'ನಾವೆಲ್ಲಾ ಒಂದು ಫ್ಯಾಮಿಲಿ ಅಲ್ವಾ.'

ಫ್ಯಾಮಿಲಿ ಅನ್ನೋ ಪದ ಆಫೀಸಿನಲ್ಲಿ ಕೇಳಿದರೆ ನನಗೆ ಒಬ್ಬಟ್ಟಿನ ಬೇಳೆ ರುಬ್ಬಿದ ವಾಸನೆ ಬರುತ್ತಿತ್ತು. ಸಾಹುಕಾರ್ರ ಮನೆಯಲ್ಲೂ ಹೀಗೇ ಅನ್ನುತ್ತಿದ್ದರು, ನೀವು ನಮ್ಮ ಮನೆಯವರೇ ಅಲ್ವಾ ಅಂತ. ಆದರೆ ಅವರು ಆ ಮಾತಿಗೆ ತಕ್ಕ ಹಾಗೆ ನಡೆದುಕೊಂಡಿದ್ದರು. ಕೊಬ್ಬರಿ ಬೆಲೆ ನೆಲ ಕಚ್ಚಿದ ಒಂದು ವರ್ಷ ಅಪ್ಪನಿಗೆ ನಾಲ್ಕು ತಿಂಗಳು ಅರ್ಧ ಸಂಬಳ ಕೊಟ್ಟರು, ತಾವೂ ಮನೆಗೆ ಸುಣ್ಣ ಹೊಡೆಸುವುದು ನಿಲ್ಲಿಸಿದರು, ಯಾರನ್ನೂ ಬಿಡಿಸಲಿಲ್ಲ. ನಮ್ಮ ಕಂಪನಿ ಹಾಗೆ ಮಾಡಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಕಂಪನಿ ಸಾಹುಕಾರ್ರಲ್ಲ, ಗೊತ್ತು. ನಾನು ಸೇರಿದ್ದೇ ಅದಕ್ಕೆ! ನನ್ನ ತಕರಾರು ಇಷ್ಟೇ. ನನಗೆ ಬೇಕಾದಾಗ ಪಾಲಿಸಿ ಪುಸ್ತಕ ತೆಗೆಯುವವರು ತಮಗೆ ಬೇಕಾದಾಗ ಉಪ್ಪಿನ ಮಾತು ಆಡಬಾರದು.

2023ರಲ್ಲೇ ನಮ್ಮ ಮಹಡಿಯಲ್ಲಿ ಕೆಲವರನ್ನು ತೆಗೆದರು. ಅದರಲ್ಲಿ ನನಗಿಂತ ಎರಡು ವರ್ಷ ಮುಂಚೆ ಸೇರಿದ್ದ ಒಬ್ಬರಿದ್ದರು, ಹೊಸಬರಿಗೆಲ್ಲಾ ಕೆಲಸ ಕಲಿಸಿದವರು, ನನಗೂ. ಮಧ್ಯಾಹ್ನ ಮೀಟಿಂಗ್ ರೂಮಿಗೆ ಕರೆದರು. ಕಾಲು ಗಂಟೆಯಲ್ಲಿ ಹೊರಗೆ ಬಂದರು. ಲ್ಯಾಪ್‌ಟಾಪ್ ಒಳಗೇ ಉಳಿಯಿತು. ಸೀಟಿನ ಮೇಲಿದ್ದ ಮಕ್ಕಳ ಫೋಟೋ, ಒಂದು ಸ್ವೆಟರ್, ನೀರಿನ ಬಾಟಲ್ ಒಂದು ಚೀಲಕ್ಕೆ ಹಾಕಿಕೊಂಡರು. ಪಕ್ಕದಲ್ಲಿ ಸೆಕ್ಯುರಿಟಿಯವನು ನಿಂತಿದ್ದ. ಅವನಿಗೇ ನಾಚಿಕೆಯಾಗಿ ಕಿಟಕಿ ಕಡೆ ನೋಡುತ್ತಿದ್ದ. ನಾವು ಯಾರೂ ಎದ್ದು ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಇಷ್ಟವಾಗದ್ದೇನು ಅಂತ ಕೇಳಿದ ಡಬ್ಬಿಯಲ್ಲಿ ನಿಜವಾಗಿ ಬರೆಯಬೇಕಿದ್ದದ್ದು ಇದು. ಅವತ್ತು ನಾನು ಏಳದೇ ಕೂತಿದ್ದು. ಸ್ಕ್ರೀನ್ ನೋಡುತ್ತಾ ಏನೋ ಟೈಪ್ ಮಾಡುವವಳ ಹಾಗೆ ನಟಿಸಿದ್ದು.

ಆಮೇಲೂ ಒಂದೂವರೆ ವರ್ಷ ಇದ್ದೆ. ಇಎಂಐ ಇತ್ತು. ಹೊಸದಾಗಿ ಬಂದ ಹುಡುಗಿಗೆ ಕೆಲಸ ಕಲಿಸುತ್ತಿದ್ದೆ. ಅವಳ ಆರಂಭದ ಪ್ಯಾಕೇಜ್ 3.6 ಲಕ್ಷ. 2011ರಲ್ಲಿ ನನಗೆ ಕೊಟ್ಟಿದ್ದು 3.25. ನಡುವೆ 13 ವರ್ಷ. ಅವಳು ಪಿಜಿಗೆ ಕಟ್ಟುವ ದುಡ್ಡು ನಾನು ಕಟ್ಟುತ್ತಿದ್ದದ್ದರ ಎರಡೂವರೆ ಪಟ್ಟು. ಇಷ್ಟು ಸಾಕು, ಇದರ ಮೇಲೆ ಭಾಷಣ ಬೇಡ.

2024ರ ನವೆಂಬರ್ ಕೊನೆಯಲ್ಲಿ ಅಪ್ರೈಸಲ್ ಮಾತುಕತೆ. ಮ್ಯಾನೇಜರ್ ಹೊಸಬರು, ಕನ್ನಡದವರೇ, ಒಳ್ಳೆಯವರೇ. ಮತ್ತೆ ನಡುವಿನ ರೇಟಿಂಗ್. ನಾನು ಈ ಸಲ ಸುಮ್ನಿರಲಿಲ್ಲ. ಮಾಡಿದ ಕೆಲಸದ ಪಟ್ಟಿ ತಗೊಂಡು ಹೋಗಿದ್ದೆ. ಯಾವ ಸಾಲು ಕಮ್ಮಿ ಹೇಳಿ ಅಂದೆ. ಅವರು ಪಟ್ಟಿ ನೋಡಲಿಲ್ಲ. ಕುರ್ಚಿಗೆ ಒರಗಿ, ಸ್ವಲ್ಪ ಬೇಜಾರಿನಲ್ಲೇ, ಪ್ರೀತಿಯಿಂದಲೇ ಅನ್ನಿ, "ನೀವು ಹೀಗೆಲ್ಲಾ ಲೆಕ್ಕ ಹಾಕಬಾರದು. ಕಂಪನಿ ನಿಮಗೆ ಎಷ್ಟೆಲ್ಲಾ ಮಾಡಿದೆ. ನಿಮ್ಮ ತಂದೆಯವರಿಗೆ ಹಾರ್ಟ್ ಪ್ರಾಬ್ಲಂ ಆದಾಗ ಕೂಡ..." ಅಂದರು.

ಎಂಟು ವರ್ಷದ ಹಿಂದೆ ನಾನು ಖುಷಿಯಲ್ಲಿ ಹೇಳಿಕೊಂಡದ್ದು. ಒಬ್ಬ ಮ್ಯಾನೇಜರ್‌ನಿಂದ ಇನ್ನೊಬ್ಬರಿಗೆ ದಾಟಿಕೊಂಡು, ಎಲ್ಲೋ ನನ್ನ ಹೆಸರಿನ ಖಾತೆಯಲ್ಲಿ ಕೂತಿತ್ತು. ಅಪ್ಪ ಅಮ್ಮನ ಪಾಲಿನ ಪ್ರೀಮಿಯಂ ಪ್ರತಿ ವರ್ಷ ನನ್ನ ಸಂಬಳದಿಂದಲೇ ಹಿಡಿಯುತ್ತಿದ್ದರು, ಪೇ ಸ್ಲಿಪ್‌ನಲ್ಲಿ ಆ ಸಾಲು ಇದೆ. ಅದನ್ನ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ರೂಮಿನಲ್ಲಿ ಎರಡು ಕುರ್ಚಿ ಇತ್ತು, ನಾನು ಕೂತೇ ಇದ್ದೆ, ಆದರೆ ಚೌಕಟ್ಟಿಗೆ ಒರಗಿ ನಿಂತ ಹಾಗೆ ಅನ್ನಿಸಿತು.

ಡಿಸೆಂಬರ್ 2, ಸೋಮವಾರ ರಾಜೀನಾಮೆ ಹಾಕಿದೆ. ನೋಟಿಸ್ ಪಿರಿಯಡ್ 90 ದಿನ. ಈ 90 ದಿನದ ಬಗ್ಗೆಯೇ ಬೇರೆ ಬರೆಯಬೇಕು, ತೆಗೆಯುವಾಗ ಕಾಲು ಗಂಟೆ, ಬಿಡುವಾಗ ಮೂರು ತಿಂಗಳು. ಫೆಬ್ರುವರಿ 28 ಕೊನೆಯ ದಿನ.

ಫುಲ್ ಅಂಡ್ ಫೈನಲ್, ಅಂದ್ರೆ ಕೊನೆಯ ಲೆಕ್ಕದ ದುಡ್ಡು, ಬರೋಕೆ 45 ದಿನ ಹಿಡಿಯಿತು. 2025ರ ನವೆಂಬರ್‌ನಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ವೇತನ ಚುಕ್ತಾ ಮಾಡಬೇಕು, ಬೇಸಿಕ್ಕನ್ನ ಹಿಂಡಿ ಸಣ್ಣದು ಮಾಡಿ ಪಿಎಫ್, ಗ್ರಾಚುಟಿ ಕಮ್ಮಿ ಮಾಡುವ ಆಟಕ್ಕೂ ಅದರಲ್ಲಿ ಕಡಿವಾಣ ಇದೆ. ನನ್ನ ಕಾಲಕ್ಕೆ ಅದು ಇರಲಿಲ್ಲ. ಬಂದಾಗ ಗ್ರಾಚುಟಿಯ ಲೆಕ್ಕದ ಹಾಳೆಯೂ ಮೇಲ್‌ನಲ್ಲಿ ಬಂತು. ಪ್ರಿಂಟ್ ತೆಗೆದುಕೊಂಡು ಊರಿಗೆ ಹೋದೆ.

ಅಪ್ಪನಿಗೆ ಈಗ 74. ಕನ್ನಡಕದ ನಂಬರ್ ಬದಲಾಗಿದೆ, ಬೆರಳಿಟ್ಟು ಓದುವುದು ಬದಲಾಗಿಲ್ಲ. ಸೂತ್ರ ಹೇಳಿದೆ. ಕೊನೆಯ ಬೇಸಿಕ್ಕನ್ನ 26ರಿಂದ ಭಾಗಿಸಬೇಕು, ತಿಂಗಳಿಗೆ 26 ಕೆಲಸದ ದಿನ ಅಂತ. ಅದನ್ನ 15ರಿಂದ ಗುಣಿಸಬೇಕು, ವರ್ಷಕ್ಕೆ 15 ದಿನದ ಸಂಬಳ. ಆಮೇಲೆ ಎಷ್ಟು ವರ್ಷವೋ ಅಷ್ಟು. ಆರು ತಿಂಗಳ ಮೇಲಾಗಿದ್ದರೆ ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ, ಹಾಗಾಗಿ ನನ್ನದು 14. ಅಪ್ಪ ಪೇಪರ್ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮಾಡಿದರು. 52,000 ಭಾಗಿಸು 26, ಎರಡು ಸಾವಿರ. ಇಂಟು 15, ಮೂವತ್ತು ಸಾವಿರ. ಇಂಟು 14, 4,20,000. ಹಾಳೆಯಲ್ಲಿದ್ದದ್ದೂ ಅದೇ.

ನಮ್ಮ ಮಂಡಿಗೆ ಇದು ಯಾಕೆ ಇರಲಿಲ್ಲ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗ್ರಾಚುಟಿ ಕಾಯ್ದೆ ಬಂದದ್ದು 1972ರಲ್ಲಿ. ಆದರೆ 10 ಜನ ಕೆಲಸಗಾರರಾದರೂ ಇರಬೇಕು. ಮಂಡಿಯಲ್ಲಿ ಇದ್ದದ್ದು ನಾಲ್ಕು. ಅಪ್ಪ ಬಿಟ್ಟ ದಿನ ಸಾಹುಕಾರ್ರ ಮಗ ಶಾಲು ಹೊದಿಸಿ, ಒಂದು ಕವರ್ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿದ್ದರು. ಆ ಫೋಟೋ ನಮ್ಮ ಮನೆ ಗೋಡೆ ಮೇಲಿದೆ.

ಅಪ್ಪ ಹಾಳೆ ಮಡಿಸಿ ಕೊಟ್ಟರು. "ಲೆಕ್ಕ ಸರಿಯಾಗೈತೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು.

"ಬರೋವಾಗ ಸಾಹುಕಾರ್ರಿಗೆ ಹೇಳ್ಬಿಟ್ಟು ಬಂದ್ಯಾ?"

ಯಾರಿಗೆ ಹೇಳಿದೆ ಅಂತ ಯೋಚಿಸಿದೆ. ಮ್ಯಾನೇಜರ್ ಅವತ್ತು ರಜೆ. ಕಿಟಕಿ ಪಕ್ಕದವರಿಬ್ಬರೂ ವರ್ಕ್ ಫ್ರಂ ಹೋಮ್. ಲ್ಯಾಪ್‌ಟಾಪ್ ತಗೊಂಡ ಹುಡುಗ ಸೀರಿಯಲ್ ನಂಬರ್ ನೋಡಿದ, ನನ್ನ ಮುಖ ನೋಡಲಿಲ್ಲ. ಗೇಟಿನಲ್ಲಿ ಐಡಿ ಕಾರ್ಡ್ ತಗೊಂಡು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡ ಸೆಕ್ಯುರಿಟಿ ಅಣ್ಣ ಮಾತ್ರ ಕೇಳಿದ್ದ, ಏನ್ ಮೇಡಂ, ಹೊರಟ್ರಾ ಅಂತ.

"ಹೂಂ ಅಪ್ಪ, ಹೇಳಿ ಬಂದೆ" ಅಂದೆ.